ಪಟ್ಟಿಯಲ್ಲಿ ಬಿಟ್ಟುಹೋದ ಸಾಮಾನು

ಅವರು ತೀರಿಕೊಂಡ ಸುದ್ದಿ ನನಗೆ ಹದಿನೆಂಟು ದಿನ ತಡವಾಗಿ ಬಂತು. ಅದೂ ಒಂದು ಚಿಕ್ಕ ಡಬ್ಬಿ ಬಿಳಿ ಎನಾಮಲ್ ಬಣ್ಣದ ಜೊತೆಗೆ. ಆ ಡಬ್ಬಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಅವರ ಬಗ್ಗೆ ಹೇಳಬೇಕು. ಹೇಳುತ್ತ ಹೋದರೆ ನನ್ನ ಬಗ್ಗೆಯೂ ಹೇಳಬೇಕಾಗುತ್ತದೆ. ಅದಕ್ಕೇ ಇಷ್ಟು ದಿನ ತಪ್ಪಿಸಿಕೊಂಡು ಓಡಾಡಿದೆ.

ಮುಂಬಯಿಯ ಸಯನ್‌ನ ನಮ್ಮ ಬಿಲ್ಡಿಂಗಿನಲ್ಲಿ ಅವರದು ನೆಲಮಹಡಿ, ನಮ್ಮದು ಮೂರನೆಯದು. ಮರಾಠಿಯವರು, ಗುಜರಾತಿಯವರು, ವಾಚ್‌ಮನ್ ಸಹಿತ ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು, ಆದರೂ ನಾನು ಅವರಿಗೆ ಅಕ್ಕ. "ನಾನು ಅಷ್ಟು ವಯಸ್ಸಾದವಳ ಹಾಗೆ ಕಾಣ್ತೀನಾ ಅಣ್ಣಾ?" ಎಂದು ಒಮ್ಮೆ ಕೇಳಿದ್ದೆ.

"ಹೋಟ್ಲಿನಲ್ಲಿ ಕಲಿತ ಭಾಷೆ ಅಲ್ವಾ ಅಕ್ಕಾ. ಅಲ್ಲಿ ತಿನ್ಲಿಕ್ಕೆ ಬಂದ ಹೆಂಗಸರೆಲ್ಲ ಅಕ್ಕನೇ. ವಯಸ್ಸು ಕೇಳಿ ಇಡ್ಲಿ ಹಾಕ್ಲಿಕ್ಕೆ ಆಗ್ತದಾ?"

ಉಡುಪಿಯ ಕಡೆಯವರು. ಮುಂಬಯಿಯ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಕನ್ನಡದಲ್ಲಿ ಏಳನೆಯ ತನಕ ಓದಿದ್ದರು. ಆಮೇಲೆ ಜೋಗೇಶ್ವರಿಯಲ್ಲಿ ಸಣ್ಣದೊಂದು ಶೆಡ್ ಹಿಡಿದು ಹೋಟೆಲುಗಳಿಗೆ ಇಡ್ಲಿ ಸ್ಟೀಮರು, ದೋಸೆ ಕಲ್ಲಿನ ಸ್ಟ್ಯಾಂಡು, ಪಾತ್ರೆ ಇಡುವ ರ‍್ಯಾಕು ಮಾಡಿಕೊಡುತ್ತಿದ್ದರು. ನಾವು ಈ ಬಿಲ್ಡಿಂಗಿಗೆ ಬರುವ ಹೊತ್ತಿಗೆ ಶೆಡ್ಡು ಅಳಿಯನ ಕೈಗೆ ಹೋಗಿತ್ತು, ಹೆಂಡತಿ ತೀರಿಕೊಂಡಿದ್ದರು. ಉಳಿದದ್ದು ಒಂದು ಹಳೆಯ ಹಸಿರು ಜೀಪು.

ಮಳೆಗಾಲದಲ್ಲಿ ಸಹ್ಯಾದ್ರಿಯ ಕೋಟೆ ಹತ್ತಲು ಹೋಗಿ ಕಾಲು ಮುರಿದುಕೊಳ್ಳುವವರನ್ನು, ಕೆಸರಿನಲ್ಲಿ ಹೂತ ಗಾಡಿಗಳನ್ನು ಹೊರಗೆ ತರುವ ಸ್ವಯಂಸೇವಕರ ಗುಂಪೊಂದಿತ್ತು. ಫೋನು ಬಂದರೆ ಅಣ್ಣ ಜೀಪು ತೆಗೆದುಕೊಂಡು ಹೊರಡುತ್ತಿದ್ದರು. ಈ ಉಸಾಬರಿ ಏಕೆ ಎಂದು ನಮ್ಮೆಜಮಾನರು ಕೇಳಿದಾಗ ಅವರು ಹೇಳಿದ ಮಾತು ನೆನಪಿದೆ. "ಒಮ್ಮೆ ಘಾಟಿಯಲ್ಲಿ ಟೆಂಪೋ ಒಂದು ಕೆಳಗೆ ಜಾರಿತ್ತು ಸಾರ್. ರಸ್ತೆ ತುಂಬ ಜನ ನಿಂತು ನೋಡ್ತಿದ್ರು. ಕೆಟ್ಟವರಲ್ಲ, ಪಾಪ. ಜನ ಇದ್ರು, ಹಗ್ಗ ಇರ್ಲಿಲ್ಲ."

ಆ ಜೀಪಿನೊಳಗೆ ಇಣುಕಿದರೆ ಉಡುಪಿ ಹೋಟೆಲಿನ ಅಡುಗೆಮನೆ ನೋಡಿದಂತಾಗುತ್ತಿತ್ತು. ಹಿಂದಿನ ಸೀಟು ಕಿತ್ತುಹಾಕಿ ಆ ಜಾಗದಲ್ಲಿ ಸ್ಟೀಲಿನ ಡ್ರಾಯರುಗಳನ್ನು ಕೂರಿಸಿದ್ದರು. ಇಡ್ಲಿ ತಟ್ಟೆಯ ಕುಳಿಗಳಲ್ಲಿ ಕೊಂಡಿಗಳು, ನಟ್ಟುಗಳು ಅಳತೆಯ ಪ್ರಕಾರ ಕುಳಿತಿರುತ್ತಿದ್ದವು. ಜ್ಯಾಕು ಕೆಸರಿನಲ್ಲಿ ಹೂತುಹೋಗದಂತೆ ಅದರ ಕೆಳಗಿಡಲು ಹಳೆಯ ದೋಸೆ ಕಲ್ಲಿನ ಒಂದು ತುಂಡು. ಮುಂದಿನ ಬಂಪರಿಗೆ ವಿಂಚ್, ಎಂದರೆ ಕೆಸರಿನಿಂದ ಗಾಡಿ ಎಳೆಯಲು ತಂತಿಹಗ್ಗ ಸುತ್ತಿದ ಯಂತ್ರ. ಚಕ್ರಕ್ಕೆ ಗಾಳಿ ತುಂಬುವ ಪಂಪು, ಎರಡನೆಯ ಬ್ಯಾಟರಿ, ಸರ್ಚ್‌ಲೈಟು, ಗರಗಸ, ಗುದ್ದಲಿ, ನೀರಿನ ಕ್ಯಾನು. ಒಂದು ಗೋಣಿಚೀಲವೂ ಇತ್ತು. ಅದೇಕೆ ಎಂದರೆ, ಹಗ್ಗ ಎಳೆಯುವಾಗ ಅದನ್ನು ನೆನೆಸಿ ಹಗ್ಗದ ಮೇಲೆ ಹಾಕುತ್ತಾರಂತೆ. "ತುಂಡಾದ್ರೆ ಹಗ್ಗ ಹಾರಿ ಬಂದು ಹತ್ತಿರ ನಿಂತವರನ್ನು ಹೊಡಿತದೆ ಅಕ್ಕಾ. ಮೇಲೆ ಭಾರ ಇದ್ರೆ ಅಲ್ಲೇ ಬೀಳ್ತದೆ."

ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಏನಾದರೊಂದು ಹೊಸದಾಗಿ ಸೇರುತ್ತಿತ್ತು. ಹೊಸದನ್ನು ಕೂರಿಸಿದ ಮೇಲೆ ಕಣ್ಣು ಮುಚ್ಚಿಕೊಂಡು ಕೈಚಾಚಿ ಹುಡುಕುವರು. ತಕ್ಷಣ ಸಿಗದಿದ್ದರೆ ಬಿಚ್ಚಿ ಬೇರೆ ಕಡೆ ಕೂರಿಸುವರು. "ಅಡುಗೆ ಭಟ್ರು ಸಾಂಬಾರಿನ ಸೌಟನ್ನು ಹುಡುಕುದು ನೋಡಿದ್ದೀರಾ? ಕೈ ಹೋದಲ್ಲಿ ಸೌಟು ಇರ್ಬೇಕು." ಕೆಲಸ ಮುಗಿದ ಮೇಲೆ ನಿಂಬೆಹಣ್ಣಿನ ಸಿಪ್ಪೆಯಿಂದ ಉಗುರು ಉಜ್ಜಿಕೊಳ್ಳುತ್ತಿದ್ದರು. ಆ ಸಿಪ್ಪೆಗಳನ್ನು ಕೂಡ ಒಂದು ಕಾಗದದಲ್ಲಿ ಮಡಚಿಯೇ ಎಸೆಯುತ್ತಿದ್ದರು.

ನಾನು ಆ ಜೀಪಿಗೆ ಸೇರಿದ್ದು ಅಕ್ಷರದ ಮೂಲಕ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರು ಸ್ಕೇಲಿನಿಂದ ಬೆರಳಿನ ಗೆಣ್ಣಿಗೆ ಹೊಡೆದು ತಿದ್ದಿಸಿದ ಅಕ್ಷರ ನನ್ನದು. ಬಾಗಿಲಿಗೆ ನಾನು ಬರೆದು ಅಂಟಿಸಿದ್ದ ಹೆಸರನ್ನು ನೋಡಿ ಅಣ್ಣ ಒಂದು ದಿನ ಬಣ್ಣ, ಬ್ರಷ್ಷು ಹಿಡಿದುಕೊಂಡು ಬಂದರು. ಪ್ರತಿ ಡ್ರಾಯರಿನ ಮೇಲೆ ಸಾಮಾನಿನ ಹೆಸರು ಇಂಗ್ಲಿಷಿನಲ್ಲಿ ಬೇಕು, ಗುಂಪಿನವರೆಲ್ಲ ಬೇರೆ ಬೇರೆ ಭಾಷೆಯವರು ಎಂದರು. ಒಂದೊಂದನ್ನೇ ನನ್ನ ಕೈಗೆ ಕೊಟ್ಟು ಅದರ ಉಪಯೋಗ ಹೇಳುವರು. ಅವರು ಶೆಡ್ಡಿನ ಬಾಯಲ್ಲಿ ಹೇಳಿದ ಹೆಸರಿನ ಸರಿಯಾದ ಸ್ಪೆಲ್ಲಿಂಗನ್ನು ನಾನು ಡಿಕ್ಷನರಿಯಲ್ಲಿ ಹುಡುಕುವೆ. ಡಿ-ಶಾಕಲ್ ಎಂದರೆ ಇಂಗ್ಲಿಷಿನ ಡಿ ಅಕ್ಷರದ ಆಕಾರದ ಕೊಂಡಿ. ಸ್ನ್ಯಾಚ್ ಬ್ಲಾಕ್ ಎಂದರೆ ಪಕ್ಕದಿಂದ ತೆರೆದು ಹಗ್ಗ ಕೂರಿಸುವ ರಾಟೆ. ಹದಿನಾರು ಹೆಸರು ಬರೆದೆ. ನಡುನಡುವೆ ಒಣಗಿತೇ ಎಂದು ಬೆರಳು ತಾಗಿಸುತ್ತಿದ್ದೆ. "ಮುಟ್ಟಿ ನೋಡ್ಬೇಡಿ ಅಕ್ಕಾ. ಅಕ್ಷರ ಹಾಳಾಗುದು ಮಳೆಯಿಂದ ಅಲ್ಲ, ಒಣಗಿತಾ ಅಂತ ನೋಡುವವರಿಂದ," ಎಂದು ಗದರಿದರು.

ಹದಿನೇಳನೆಯದು ಆಮೇಲೆ ಬಂತು. ಮಡಚುವ ಸ್ಟ್ರೆಚರು, ಸ್ಟೀಲಿನ ಚೌಕಟ್ಟು, ದಪ್ಪ ಕ್ಯಾನ್ವಾಸು, ಹೋಟೆಲಿನ ಟ್ರಾಲಿಯ ಹಿಡಿಗಳು. ಅದರ ಅಗಲ ಅಷ್ಟೇ ಏಕೆ ಎಂದು ಕೇಳಿದ್ದಕ್ಕೆ "ಗುಡ್ಡದ ದಾರಿಯೂ ಸಪೂರ, ನಮ್ಮ ಬಿಲ್ಡಿಂಗಿನ ಮೆಟ್ಟಿಲೂ ಸಪೂರ," ಎಂದರು. ಮೆಟ್ಟಿಲಿನ ತಿರುವನ್ನು ಟೇಪು ಹಿಡಿದು ಅಳೆದಿದ್ದರು.

ಆ ಮಳೆಗಾಲದಲ್ಲೇ ನಮ್ಮತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಲಿಫ್ಟು ಕೆಟ್ಟು ನಿಂತಿತ್ತು. ಆಂಬುಲೆನ್ಸಿನವರ ಸ್ಟ್ರೆಚರು ಮೆಟ್ಟಿಲಿನ ತಿರುವಿನಲ್ಲಿ ತಿರುಗಲಿಲ್ಲ. ಕುರ್ಚಿಯ ಮೇಲೆ ಕೂರಿಸಿ ಇಳಿಸೋಣ ಎಂದು ಯಾರೋ ಅಂದರು. ಅತ್ತೆ ಕೂರುವ ಸ್ಥಿತಿಯಲ್ಲಿರಲಿಲ್ಲ. ಅಷ್ಟರಲ್ಲಿ ಅಣ್ಣ ತಮ್ಮದನ್ನು ಹೊತ್ತು ತಂದರು. ಅತ್ತೆಯನ್ನು ಅದರ ಮೇಲೆ ಮಲಗಿಸಿ, ಪಟ್ಟಿ ಬಿಗಿದು, ಕಾಲ ಬುಡದಲ್ಲಿ ತಾವೇ ನಿಂತು, "ಅಮ್ಮಾ, ಕಣ್ಣು ಬಿಟ್ಟುಕೊಂಡೇ ಇರಿ, ಮುಚ್ಚಿದ್ರೆ ಹೆದ್ರಿಕೆ ಜಾಸ್ತಿ," ಎನ್ನುತ್ತ ಮೂರು ಮಹಡಿ ಹಿಂದುಹಿಂದಾಗಿ ಇಳಿದರು. ಅಷ್ಟು ನೋವಿನಲ್ಲೂ ಅತ್ತೆ, "ಮದುವೇಲೂ ನನ್ನ ಹೀಗೆ ಪಲ್ಲಕ್ಕೀಲಿ ಕೂರಿಸಲಿಲ್ಲ ಕಣಪ್ಪ," ಎಂದರು. ಅಣ್ಣ ಜೋರಾಗಿ ನಕ್ಕರು. ಅಂದಿನಿಂದ ಅವರಿಬ್ಬರ ನಡುವೆ ಅದರ ಹೆಸರು ಪಲ್ಲಕ್ಕಿ. ವಾಪಸು ಬಂದ ಮೇಲೆ ಅತ್ತೆ ವಾಕರು ಹಿಡಿದು ಕಿಟಕಿಯ ಬಳಿ ಕೂತು, ಕೆಳಗಿನ ಜೀಪು ನೋಡುತ್ತ ಕಾಫಿ ಕುಡಿಯುವರು. "ಪಲ್ಲಕ್ಕಿ ಇದೆಯೇನಪ್ಪಾ?" ಎಂದು ಕೂಗುವರು. "ಉಂಟಮ್ಮಾ! ನಿಮ್ಗೆ ಇನ್ನು ಬೇಡ!" ಎಂದು ಕೆಳಗಿನಿಂದ ಉತ್ತರ ಬರುತ್ತಿತ್ತು. ಸ್ಟ್ರೆಚರಿನ ಮೇಲೆ ಹೆಸರು ಬರೆಯಲು ಮಾತ್ರ ಇವತ್ತು ನಾಳೆ ಎನ್ನುತ್ತ ನಾನು ಉಳಿಸಿಕೊಂಡೆ.

ಇದಾಗಿ ಒಂದು ವರ್ಷವೂ ತುಂಬಿರಲಿಲ್ಲ. ನಾವು ಕಾರು ತೆಗೆದುಕೊಳ್ಳುವುದೆಂದು ನಿಶ್ಚಯವಾಯಿತು. ಕಂಪೌಂಡಿನಲ್ಲಿ ಗಾಡಿ ನಿಲ್ಲಿಸಲು ಕಾಯುತ್ತಿದ್ದವರ ಪಟ್ಟಿಯಲ್ಲಿ ನಮ್ಮ ಹೆಸರೇ ಮೊದಲನೆಯದು, ಆದರೆ ಜಾಗ ಖಾಲಿ ಇರಲಿಲ್ಲ. ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿಯೇ ಮನೆಗೆ ಬಂದು ದಾರಿ ತೋರಿಸಿದರು. ಜೀಪಿನ ಬಗ್ಗೆ ಒಂದಿಬ್ಬರ ದೂರು ಇದೆ, ಗ್ರೀಸು, ಡೀಸೆಲ್ ವಾಸನೆ. ಒಂದು ನೋಟಿಸ್ ಕೊಟ್ಟರೆ ಆಯಿತು. "ಭಾಭೀಜಿ, ಆಪ್ ಲಿಖ್ ದೋ ನಾ. ಹಮಾರಾ ಇಂಗ್ಲಿಷ್ ತೋ ರಿಕ್ಷಾ ಜೈಸಾ ಹೈ, ತೀನ್ ಪಹಿಯೇ ಪೇ ಚಲ್ತಾ ಹೈ," ಎಂದರು. ನೀವೇ ಬರೆದುಕೊಡಿ, ನಮ್ಮ ಇಂಗ್ಲಿಷು ರಿಕ್ಷಾದ ಹಾಗೆ ಮೂರೇ ಚಕ್ರದ ಮೇಲೆ ಓಡುವಂಥದ್ದು ಎಂದು ನಗಿಸಿದರು.

ಅವರು ಹೋದ ಮೇಲೆ ನಾನು ಪೆನ್ನು ಎತ್ತದಿರುವುದನ್ನು ನೋಡಿ ನಮ್ಮೆಜಮಾನರು, "ಆ ಜೀಪು ವರ್ಷಕ್ಕೆ ಹತ್ತು ಸಲ ಹೊರಗೆ ಹೋಗತ್ತೆ ಕಣೇ. ನಾವು ದಿನಾ ರಸ್ತೇಲಿ ಜಾಗ ಹುಡುಕ್ತಾ ಅಲೀಬೇಕು. ನೀನೇನು ಸಹಿ ಹಾಕ್ತೀಯಾ? ಬರೆದುಕೊಡು, ಅಷ್ಟೇ," ಎಂದರು. ತಪ್ಪನ್ನೆಲ್ಲ ಅವರ ಮೇಲೆ ಹೊರಿಸುವ ಹಾಗಿಲ್ಲ. ಎರಡು ಗಂಟೆಯ ಹೊತ್ತು ಆ ಕಾಗದ ಬರೆಯುವಾಗ ನನಗೆ ಸಂತೋಷವೇ ಆಗಿತ್ತು. ಮದುವೆಯಾದ ಮೇಲೆ ನನ್ನ ಇಂಗ್ಲಿಷನ್ನು ಯಾರೂ ಕೇಳಿರಲಿಲ್ಲ.

ದೂರಿನ ಕಾಗದ ಬರೆಯುವುದನ್ನು ಸಿಸ್ಟರು ಎಂಟನೆಯ ಕ್ಲಾಸಿನಲ್ಲಿ ಕಲಿಸಿದ್ದರು. ವಿನಯ ಬಿಡಬಾರದು, ಉತ್ಪ್ರೇಕ್ಷೆ ಮಾಡಬಾರದು, ವಸ್ತುಗಳನ್ನು ಸರಿಯಾದ ಹೆಸರಿನಿಂದ ಕರೆಯಬೇಕು. ಹಾಗೆಯೇ ಬರೆದೆ. ಸೊಸೈಟಿಯ ಜಾಗದಲ್ಲಿ ತುಕ್ಕು ಹಿಡಿದ ವಾಹನವೊಂದು ಗುಜರಿಯ ಉಗ್ರಾಣವಾಗಿದೆ ಎಂದು ಶುರುಮಾಡಿ, ಅದರಲ್ಲಿ ತುಂಬಿರುವ ಸಾಮಾನುಗಳನ್ನು ಒಂದರಿಂದ ಹದಿನಾರರವರೆಗೆ ಪಟ್ಟಿ ಮಾಡಿದೆ. ಹದಿನಾರಕ್ಕೆ ನಿಂತೆ. ಸ್ಟ್ರೆಚರು ಬಂದರೆ ಅದು ಗುಜರಿಯ ಪಟ್ಟಿಯಾಗಿ ಉಳಿಯುತ್ತಿರಲಿಲ್ಲ. ಓದಿದವರು ಒಂದು ನಿಮಿಷ ಯೋಚಿಸುತ್ತಿದ್ದರು. ಮರೆತು ಬಿಟ್ಟದ್ದಲ್ಲ. ಪೆನ್ನು ಕಾಗದದ ಮೇಲೆ ನಿಂತಿತ್ತು, ಎತ್ತಿದೆ.

ಸೆಕ್ರೆಟರಿ ಅದನ್ನು ಟೈಪ್ ಮಾಡಿಸಿ, ಸಹಿ ಹಾಕಿ, ಕೊಟ್ಟರು. ನನ್ನ ಅಕ್ಷರ ಅದರಲ್ಲಿ ಎಲ್ಲೂ ಇರಲಿಲ್ಲ. ನಾನು ನಿಶ್ಚಿಂತೆಯಾಗಿದ್ದೆ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅಣ್ಣ ಬಂದರು. ಚಪ್ಪಲಿಯನ್ನು ಎಂದಿನಂತೆ ಜೋಡಿಸಿಟ್ಟು, ಸೋಫಾದ ತುದಿಯಲ್ಲಿ ಕೂತರು. "ಅಕ್ಕಾ, ಸೊಸೈಟಿಯಿಂದ ಎಂತದೋ ಬಂದಿದೆ. ಇಂಗ್ಲಿಷು. ಒಮ್ಮೆ ಓದಿ ಹೇಳ್ತೀರಾ?"

ಜೋಗೇಶ್ವರಿಯಲ್ಲಿದ್ದ ತಮ್ಮ ಮಗಳನ್ನು ಕೇಳಬಹುದಿತ್ತು. ನನ್ನ ಬಳಿಗೇ ಬಂದರು.

ನಾನು ಬರೆದದ್ದನ್ನು ನಾನೇ ಕನ್ನಡದಲ್ಲಿ ಹೇಳತೊಡಗಿದೆ. ಇಂಗ್ಲಿಷಿನಲ್ಲಿ ನಯವಾಗಿದ್ದ ಮಾತುಗಳು ಕನ್ನಡಕ್ಕೆ ಬರುವಾಗ ಬಾಯಲ್ಲಿ ಮುಳ್ಳಾದವು. 'ತುಕ್ಕು ಹಿಡಿದ ವಾಹನ' ಎನ್ನುವುದನ್ನು 'ಹಳೇ ಗಾಡಿ' ಎಂದೆ. 'ಗುಜರಿ' ಎಂಬಲ್ಲಿ ಕೆಮ್ಮಿದೆ. ಅವರು ತಲೆ ತಗ್ಗಿಸಿ ಕೇಳುತ್ತಿದ್ದರು. ಆಮೇಲೆ ಪಟ್ಟಿ ಬಂತು. ವಿಂಚ್. ಡಿ-ಶಾಕಲ್, ಎಂಟು. ಸ್ನ್ಯಾಚ್ ಬ್ಲಾಕ್, ಎರಡು. ಅಲ್ಲಿ ಅವರು ತಲೆಯೆತ್ತಿದರು.

ಆಗ ನನಗೆ ತಿಳಿಯಿತು. ಇಡೀ ಬಿಲ್ಡಿಂಗಿನಲ್ಲಿ ಸ್ನ್ಯಾಚ್ ಬ್ಲಾಕಿನ ಹೆಸರು ಯಾರಿಗೆ ಗೊತ್ತು? ಸೆಕ್ರೆಟರಿಯ ಪಾಲಿಗೆ ಅದೆಲ್ಲ 'ಲೋಹಾ-ಲಕ್ಕಡ್', ಬರೀ ಕಬ್ಬಿಣ-ಕಟ್ಟಿಗೆ. ಯಾವ ಸಾಮಾನು ಎಷ್ಟಿದೆ, ಯಾವುದರ ಪಕ್ಕ ಯಾವುದಿದೆ ಎಂದು ಅವರ ಡ್ರಾಯರುಗಳ ಸಾಲನ್ನೇ ಹಿಡಿದು ಪಟ್ಟಿ ಮಾಡಿದ್ದೆ. ಟೈಪ್ ಮಾಡಿಸಿ ಅಕ್ಷರ ಮುಚ್ಚಿಟ್ಟರೆ ಏನು ಬಂತು?

ನಿಲ್ಲಿಸಲೂ ಆಗದೆ ಹದಿನಾರನೆಯದರವರೆಗೆ ಓದಿದೆ. ಒಳಗಿನ ಕೋಣೆಯಲ್ಲಿ ಅತ್ತೆಯ ವಾಕರು ನೆಲಕ್ಕೆ ತಾಗುವ ಸದ್ದು ಕೇಳುತ್ತಿತ್ತು.

"ಹೆಸರೆಲ್ಲ ಸರಿ ಉಂಟು," ಎಂದರು ಅಣ್ಣ. "ಒಂದು ಬಿಟ್ಟುಹೋಗಿದೆ, ಅಲ್ವಾ ಅಕ್ಕಾ?"

"ಯಾವುದು?" ಎಂದೆ. ಅಷ್ಟು ಸುಳ್ಳು ಮಾತನ್ನು ನಾನು ಬದುಕಿನಲ್ಲಿ ಮತ್ತೊಮ್ಮೆ ಆಡಿಲ್ಲ.

"ಇರ್ಲಿ ಬಿಡಿ," ಎಂದರು.

ಆಮೇಲೆ ಒಂದು ಉತ್ತರ ಬರೆದುಕೊಡಿ ಎಂದರು. ನಾನು ಪೆನ್ನು ಹಿಡಿದು ಕೂತೆ. ಅವರು ಜಗಳವಾಡಲಿ, ಈ ಜೀಪು ಯಾರನ್ನೆಲ್ಲ ಹೊತ್ತು ತಂದಿದೆ ಎಂದು ಹೇಳಲಿ, ನನ್ನೆಲ್ಲ ಇಂಗ್ಲಿಷನ್ನು ಅದಕ್ಕೆ ಸುರಿಯುತ್ತೇನೆ ಎಂದು ಒಳಗೊಳಗೇ ಬೇಡಿಕೊಂಡೆ. ಅವರು ಹೇಳಿದ್ದು ಇಷ್ಟೇ: "ಆಯ್ತು, ತೆಗಿತೇನೆ. ಹದಿನೈದು ದಿನ ಕೊಡಿ. ಅಷ್ಟು ಬರೀರಿ. ಟೈಪು ಬೇಡ, ನಿಮ್ಮ ಅಕ್ಷರದಲ್ಲೇ ಇರ್ಲಿ." ಹೇಳಿಸಿಕೊಳ್ಳದೆ ನಾನೇ ನಾಲ್ಕು ಸಾಲು ಸೇರಿಸಬಹುದಿತ್ತು. ಸೇರಿಸಲಿಲ್ಲ. ಸೊಸೈಟಿಯ ಫೈಲಿನಲ್ಲಿ ಆ ಎರಡು ಕಾಗದ ಈಗಲೂ ಒಂದರ ಮೇಲೊಂದು ಇವೆ. ಎರಡೂ ನನ್ನವೇ.

ಹದಿಮೂರನೆಯ ದಿನ ಜೀಪು ಹೋಯಿತು. ಘಾಟಿಯ ಬುಡದ ಕರ್ಜತ್‌ನ ಆಚೆ ಗುಂಪಿನವರೊಬ್ಬರ ಅಂಗಳಕ್ಕೆ. ಅತ್ತೆ ಕಿಟಕಿಯಿಂದ, "ಪಲ್ಲಕ್ಕಿ ಎಲ್ಲಿ ಹೋಯ್ತೇ?" ಎಂದು ಕೇಳಿದರು. ರಿಪೇರಿಗೆ ಹೋಗಿದೆ ಎಂದೆ. "ಬಂದಾಗ ಹೇಳು," ಎಂದರು. ತೀರಿಕೊಳ್ಳುವ ತನಕ, ಐದು ತಿಂಗಳು, ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದರು. ನಾನು ರಿಪೇರಿಯನ್ನೇ ಬೆಳೆಸುತ್ತ ಹೋದೆ.

ಕಾರು ಬಂದ ದಿನ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮುಗಿದ ಮೇಲೆ, ಅಣ್ಣ ಒಂದು ಪೊಟ್ಟಣ ಹಿಡಿದುಕೊಂಡು ಬಂದರು. ಬೆಂಕಿ ಆರಿಸುವ ಪುಟ್ಟ ಸಿಲಿಂಡರು, ಬಾಗಿಲು ತೆರೆಯದಿದ್ದರೆ ಗಾಜು ಒಡೆಯಲು ಒಂದು ಸುತ್ತಿಗೆ. ನಮ್ಮೆಜಮಾನರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, "ಕಣ್ಣು ಮುಚ್ಚಿ ಕೈಚಾಚಿ ಸಾರ್," ಎಂದರು. ಕೈ ಹೋದಲ್ಲಿ ಕ್ಲಾಂಪು ಹಾಕಿ ಎರಡನ್ನೂ ಕೂರಿಸಿದರು. ನಾನು ನೆಲ ನೋಡುತ್ತ, "ಇದಕ್ಕೂ ಹೆಸರು ಬರೀಲಾ ಅಣ್ಣಾ?" ಎಂದೆ.

"ಬೇಡ ಅಕ್ಕಾ. ಈ ಸಾಮಾನಿನ ಹೆಸರೆಲ್ಲ ನಿಮ್ಗೆ ಗೊತ್ತುಂಟಲ್ಲ," ಎಂದರು. ದನಿಯಲ್ಲಿ ಮುಳ್ಳೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲೆ ಪ್ರತಿ ಭಾನುವಾರ ಗ್ರೀಸಿನ ಡಬ್ಬಿ, ಹಳೇ ಬಟ್ಟೆ ತುಂಬಿದ ಚೀಲ ಹಿಡಿದು ಸಯನ್ ಸ್ಟೇಷನ್ನಿನ ಕಡೆ ನಡೆಯುತ್ತಿದ್ದರು. ಕುರ್ಲಾದಲ್ಲಿ ಇಳಿದು ಕರ್ಜತ್ ಲೋಕಲ್ ಹಿಡಿಯಬೇಕು. ಹೋಗಿಬರುವುದರಲ್ಲೇ ದಿನ ಕಳೆಯುತ್ತಿತ್ತು. ನಾನು ಕಿಟಕಿಯ ಪರದೆಯ ಹಿಂದೆ ನಿಲ್ಲುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತೇನೋ, ಕೆಳಗಿನಿಂದಲೇ ಕೂಗುವರು: "ಅಕ್ಕಾ, ಅಲ್ಲಿ ಸೊಪ್ಪು ಒಳ್ಳೆದು ಸಿಗ್ತದೆ, ತರ್ಲಾ?" ಸಂಜೆ ಬಾಗಿಲ ಹಿಡಿಗೆ ಹರಿವೆಯ ಕಟ್ಟೊಂದು ನೇತಾಡುತ್ತಿತ್ತು. ಬೆಲ್ಲು ಒತ್ತುತ್ತಿರಲಿಲ್ಲ. ಎರಡು ವರ್ಷ ಹೀಗೆ ನಡೆಯಿತು. ಒಮ್ಮೆಯಾದರೂ ಕೆಳಗಿಳಿದು ಹೋಗಿ "ಅಣ್ಣಾ, ಅದು ನಾನು" ಎನ್ನಲಿಲ್ಲ. ಅವರಿಗೆ ಹೇಗೂ ಗೊತ್ತಿದೆಯಲ್ಲ ಎಂದುಕೊಂಡೆ. ಗೊತ್ತಿರುವುದಕ್ಕೂ ನಾನು ಹೇಳುವುದಕ್ಕೂ ಇರುವ ದೂರ ನನಗೂ ಗೊತ್ತಿತ್ತು. ಮೊಣಕಾಲು ಕೈಕೊಟ್ಟ ಮೇಲೆ ಅವರು ಮನೆ ಬಾಡಿಗೆಗೆ ಕೊಟ್ಟು ಜೋಗೇಶ್ವರಿಯಲ್ಲಿ ಮಗಳ ಬಳಿಗೆ ಹೋದರು.

ಇನ್ನು ಆ ಬಣ್ಣದ ಡಬ್ಬಿ. ಹೋದ ತಿಂಗಳು ಅದನ್ನು ತಂದವರು ಆ ಗುಂಪಿನ ಇಬ್ಬರು, ನಡುವಯಸ್ಸಿನ ಮರಾಠಿ ಗೃಹಸ್ಥರು ಮತ್ತು ಮೊಣಕೈಯಲ್ಲಿ ಗಾಯದ ಕಲೆಯಿದ್ದ ಹುಡುಗಿ. ಅವರು ಅಣ್ಣನನ್ನು ಕಾಕಾ ಎನ್ನುತ್ತಿದ್ದರು. ಕಾಕಾ ಹೋಗಿ ಹದಿನೆಂಟು ದಿನವಾಯಿತು, ನಿದ್ದೆಯಲ್ಲೇ ಹೋದರು ಎಂದರು. ಜೀಪಿನ ಡ್ರಾಯರುಗಳ ಮೇಲಿನ ಹೆಸರು ಮಾಸಿವೆ, ಹೊಸದಾಗಿ ಬರೆಸಬೇಕಾದರೆ ಸಯನ್‌ನ ಅಕ್ಕನ ಬಳಿಗೇ ಹೋಗಿ ಎಂದು ಹೇಳಿದ್ದರಂತೆ. ಹದಿನೇಳು ಸ್ಟೀಲಿನ ಪಟ್ಟಿಗಳನ್ನು ಕತ್ತರಿಸಿ ತಂದಿದ್ದರು. ಜೊತೆಗೆ ಅಣ್ಣನ ಕೈಬರಹದ ಒಂದು ಹಾಳೆ. ಅದು ಕನ್ನಡದಲ್ಲಿತ್ತು, ಅವರಿಬ್ಬರಿಗೂ ಓದಲು ಬಾರದು.

"ಇಲ್ಲಿಂದ ಜೀಪು ತೆಗೆದದ್ದು ಒಳ್ಳೆಯದೇ ಆಯಿತು," ಎಂದರು ಗೃಹಸ್ಥರು ಹಿಂದಿಯಲ್ಲಿ, ಸಮಾಧಾನ ಹೇಳುವವರಂತೆ. "ಸಯನ್‌ನಿಂದ ಘಾಟಿಗೆ ಬರುವಷ್ಟರಲ್ಲಿ ತಡವಾಗತ್ತೆ ಅಂತ ಕಾಕಾನೇ ಯೋಚನೆ ಮಾಡಿ ಅಲ್ಲಿಗೆ ತಂದರು."

ನಾನು ಹಾಳೆ ಎತ್ತಿಕೊಂಡು ಒಂದೊಂದೇ ಓದಿದೆ. ಹುಡುಗಿ ಬರೆದುಕೊಳ್ಳುತ್ತ ಹೋದಳು. ಅದೇ ಸಾಲು, ಅದೇ ಲೆಕ್ಕ. ಹದಿನಾರಾಯಿತು.

"ಔರ್ ಯೇ ಲಾಸ್ಟ್ ವಾಲಾ, ಆಂಟೀ?" ಕೊನೆಯದು ಏನೆಂದು ಹುಡುಗಿ ಕೇಳಿದಳು.

"ಸ್ಟ್ರೆಚರ್," ಎಂದೆ.

ಅವಳು ಹಾಳೆಯ ಮೇಲೆ ಬಗ್ಗಿದಳು. "ಇತ್ನಾ ಲಂಬಾ? ಇಷ್ಟು ಉದ್ದ ಬರೆದಿದ್ದಾರೆ, ಬರೀ ಸ್ಟ್ರೆಚರ್ರಾ?"

ಅಣ್ಣ ಬರೆದದ್ದು ಹೀಗಿತ್ತು: 'ಪಲ್ಲಕ್ಕಿ. ಅಕ್ಕನಿಗೆ ಗೊತ್ತುಂಟು.'

ಮತ್ತೊಮ್ಮೆ ನಾನು ಅವರ ಕಾಗದವನ್ನು ಓದಿ ಹೇಳುತ್ತಿದ್ದೆ. ಮತ್ತೊಮ್ಮೆ ಅರ್ಧ ನುಂಗಿದ್ದೆ. ಹಾಳೆಯನ್ನು ಮೇಜಿನ ಮೇಲಿಟ್ಟು, ಅಲ್ಲಿದ್ದುದನ್ನು ಪೂರ್ತಿ ಓದಿ, ಅದರ ಅರ್ಥ ಹೇಳಿದೆ. ಜೀಪು ಇಲ್ಲಿಂದ ಹೋದದ್ದು ತಡವಾಗುತ್ತದೆ ಎಂದಲ್ಲ, ನೋಟಿಸ್ ಬಂದದ್ದರಿಂದ ಎಂದೆ. ನೋಟಿಸ್ ಬರೆದವಳು ನಾನು ಎಂದೆ. ನಮ್ಮತ್ತೆಯನ್ನು ಇಳಿಸಿದ ಸ್ಟ್ರೆಚರನ್ನು ಪಟ್ಟಿಯಿಂದ ಬೇಕೆಂದೇ ಬಿಟ್ಟೆ ಎಂದೆ. ನನ್ನ ಹಿಂದಿ ಎಂದೂ ಚೆನ್ನಾಗಿಲ್ಲ. ಅಂದು ಇನ್ನೂ ಮುಗ್ಗರಿಸಿತು. ಆದರೂ ಅವರಿಗೆ ಅರ್ಥವಾಯಿತು.

ಗೃಹಸ್ಥರು ಕಿಟಕಿಯ ಕಡೆ ತಿರುಗಿದರು. ಕೆಳಗೆ ನಮ್ಮ ಕಾರು ನಿಂತಿತ್ತು. ಹುಡುಗಿ ನನ್ನನ್ನೇ ನೋಡಿದಳು, ತುಂಬಾ ಹೊತ್ತು. ಪರವಾಗಿಲ್ಲ ಎನ್ನಲಿಲ್ಲ. ಅವಳು ಹಾಗೆ ಅನ್ನದೆ ಇದ್ದದ್ದಕ್ಕೆ ನಾನು ಋಣಿ. ಆಮೇಲೆ ಚಮಚದ ಹಿಡಿಯಿಂದ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಿ, ಡಬ್ಬಿಯನ್ನು ನನ್ನ ಮುಂದೆ ತಳ್ಳಿದಳು.

ಹದಿನೇಳನೆಯದನ್ನು ಮೊದಲು ಬರೆದೆ. ಮೇಲೆ ಇಂಗ್ಲಿಷಿನಲ್ಲಿ ಸ್ಟ್ರೆಚರ್, ಕೆಳಗೆ ಕನ್ನಡದಲ್ಲಿ ಪಲ್ಲಕ್ಕಿ. ಎರಡನೆಯ ಸಾಲು ಸ್ವಲ್ಪ ಕೆಳಕ್ಕೆ ಜಾರಿತು. ಅದನ್ನು ಕಿಟಕಿಯ ಬಳಿ, ಅತ್ತೆ ಕೂರುತ್ತಿದ್ದ ಕಡೆ, ಬಿಸಿಲಿಗೆ ಇಟ್ಟೆ. ಉಳಿದ ಹದಿನಾರನ್ನು ಬರೆದು ಮುಗಿಸುವವರೆಗೂ, ಒಣಗಿತೇ ಎಂದು ಮುಟ್ಟಿ ನೋಡಲಿಲ್ಲ.